ಮಲೆನಾಡಿನ ಮನೆಗೆ ವಿದ್ಯುತ್ತಿನ ಕಣಜ

ಪುನರ್ವಸು ಮಳೆ ಹಿಡಿದಿದೆ. ಕಳಸದ ಸೀಮೆಯಲ್ಲಿ, ಕಾಫಿ ತೋಟದ ನಡುವೆ ಇರುವ ಒಂಟಿ ಮನೆಯೊಂದನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ರಸ್ತೆಯಿಂದ ಮನೆಗೆ ಎರಡು ಮೂರು ಕಿಲೋಮೀಟರುಗಳ ಕಾಲುದಾರಿ. ನಡುವೆ ಒಂದು ಹಳ್ಳ. ವಿದ್ಯುತ್ ಕಂಬಗಳ ಸಾಲು ಆ ಹಳ್ಳವನ್ನು ದಾಟಿ ಬಂದಿಲ್ಲ. ಹಂಚಿನ ಮಾಡಿನ ಮೇಲೆ ಸೌರಫಲಕಗಳಿವೆ. ಜಗುಲಿಯ ಮೂಲೆಯಲ್ಲಿ ಎರಡು ಬ್ಯಾಟರಿಗಳೂ ಒಂದು ಇನ್ವರ್ಟರೂ ಇವೆ. ಬೇಸಗೆಯುದ್ದಕ್ಕೂ ದೀಪಗಳು ಚೆನ್ನಾಗಿಯೇ ಉರಿದವು. ಈಗ, ಮಳೆ ಹಿಡಿದ ಹತ್ತನೆಯ ದಿನ, ಸಂಜೆ ಏಳಕ್ಕೆ ಹಚ್ಚಿದ ದೀಪ ಎಂಟಕ್ಕೆ ಆರಿಹೋಗುತ್ತದೆ. ಓದುತ್ತ ಕುಳಿತಿದ್ದ ಮಗಳು ಮೇಣದ ಬತ್ತಿಯನ್ನು ಹುಡುಕುತ್ತಾಳೆ. ರಾತ್ರಿ ಯಾರಿಗಾದರೂ ಕಾಯಿಲೆ ಹೆಚ್ಚಾದರೆ ಜೀಪು ಕರೆಸಲು ಇರುವ ಒಂದೇ ಸಾಧನವಾದ ಮೊಬೈಲಿನಲ್ಲಿಯೂ ಜೀವವಿಲ್ಲ.

ಬ್ಯಾಟರಿಗಳನ್ನು ಕೊಂಡು ಇನ್ನೂ ಎರಡು ವರ್ಷ ತುಂಬಿಲ್ಲ. ಐದಾರು ವರ್ಷ ಬಾಳುವುವೆಂದು ನಂಬಿ, ಕಾಫಿ ಮಾರಿದ ಹಣದಲ್ಲಿ ಕೊಂಡವು ಅವು. ಮನೆಯ ಯಜಮಾನರು ಪೇಟೆಗೆ ಹೋಗಿ ವಿಚಾರಿಸಿದರೆ ಒಬ್ಬರು, “ಇದಕ್ಕಿಂತ ದೊಡ್ಡದನ್ನು ಹಾಕಿಸಿ” ಎನ್ನುತ್ತಾರೆ. ಮತ್ತೊಬ್ಬರು, “ಸೀಸದ ಕಾಲ ಮುಗಿಯಿತು, ಲಿಥಿಯಂ ತೆಗೆದುಕೊಳ್ಳಿ” ಎನ್ನುತ್ತಾರೆ. ಮೂರನೆಯವರು, “ಹಳೆಯದಕ್ಕೇ ಹೊಸ ಆಸಿಡ್ ತುಂಬಿಸಿದರೆ ಸಾಕು” ಎನ್ನುತ್ತಾರೆ. ಈ ಮೂರರಲ್ಲಿ ಯಾವುದು ನಿಜ? ಇದಕ್ಕೆ ಉತ್ತರ ಹೇಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಹಳೆಯ ಬ್ಯಾಟರಿ ಸತ್ತದ್ದು ಯಾವ ಕಾರಣದಿಂದ? ಅದನ್ನು ತಿಳಿಯದೆ ಹೊಸದನ್ನು ತಂದರೆ, ಹೊಸದೂ ಅದೇ ಹಾದಿಯನ್ನು ಹಿಡಿಯುವುದರಲ್ಲಿ ಸಂದೇಹವಿಲ್ಲ.

ಸೀಸ ಮತ್ತು ಆಮ್ಲ

ರಾಸಾಯನಿಕ ಕ್ರಿಯೆಯಿಂದ ಎಡೆಬಿಡದ ವಿದ್ಯುತ್ ಪ್ರವಾಹವನ್ನು ಪಡೆಯುವ ಉಪಾಯವನ್ನು 1800ರಲ್ಲಿ ಲೋಕಕ್ಕೆ ತಿಳಿಸಿದವನು ಇಟಲಿಯ ವೋಲ್ಟಾ. ಆದರೆ ಅವನ ಕೋಶ ಒಮ್ಮೆ ಬರಿದಾದರೆ ಮುಗಿಯಿತು, ಮತ್ತೆ ತುಂಬುವಂತಿರಲಿಲ್ಲ. ಬರಿದಾದುದನ್ನು ಪುನಃ ತುಂಬಬಹುದಾದ ಕೋಶವನ್ನು 1859ರಲ್ಲಿ ರಚಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ಅವನ್ನು ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿದ. ಇಂದಿಗೂ ನಮ್ಮ ಕಾರುಗಳಲ್ಲಿ, ಟ್ರಾಕ್ಟರುಗಳಲ್ಲಿ, ಮನೆಯ ಇನ್ವರ್ಟರಿನ ಪಕ್ಕದಲ್ಲಿ ಕುಳಿತಿರುವುದು ಪ್ಲಾಂಟೆಯ ಕೋಶದ ಸಂತತಿಯೇ.

ಈ ಕೋಶದ ಒಳಗೆ ನಡೆಯುವುದೇನು? ತುಂಬಿದ ಕೋಶದಲ್ಲಿ ಋಣಫಲಕವು ಮೃದುವಾದ, ರಂಧ್ರಮಯವಾದ ಸೀಸ, ಧನಫಲಕವು ಕಂದುಬಣ್ಣದ ಸೀಸದ ಡೈ ಆಕ್ಸೈಡು, ನಡುವೆ ಗಂಧಕಾಮ್ಲ. ನಾವು ದೀಪ ಹಚ್ಚಿದಾಗ ಆಮ್ಲದಲ್ಲಿರುವ ಸಲ್ಫೇಟು ಎರಡು ಫಲಕಗಳಿಗೂ ಹೋಗಿ ಕೂಡಿಕೊಳ್ಳುತ್ತದೆ. ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟಿನ ಸಣ್ಣ ಹರಳುಗಳು ಮೂಡುತ್ತವೆ. ನೀರು ಉತ್ಪನ್ನವಾಗಿ ಆಮ್ಲ ತೆಳುವಾಗುತ್ತದೆ. ಬ್ಯಾಟರಿಗೆ ವಿದ್ಯುತ್ತನ್ನು ಊಡಿಸಿದಾಗ ಇದೆಲ್ಲವೂ ಹಿಂದುಮುಂದಾಗಿ ನಡೆಯುತ್ತದೆ: ಹರಳುಗಳು ಕರಗಿ, ಸಲ್ಫೇಟು ಆಮ್ಲಕ್ಕೆ ಮರಳಿ, ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಒಂದು ಕೋಶ ಕೊಡುವುದು ಸುಮಾರು 2 ವೋಲ್ಟು. ಅಂತಹ ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟಿನ ಬ್ಯಾಟರಿ.

ಆಮ್ಲ ಗಟ್ಟಿಯಾಗುವುದು, ತೆಳುವಾಗುವುದು ನಮಗೊಂದು ದೊಡ್ಡ ಅನುಕೂಲ. ಹೈಡ್ರೋಮೀಟರಿನಿಂದ ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ಅಳೆದರೆ ಬ್ಯಾಟರಿಯ ಹೊಟ್ಟೆಯಲ್ಲಿ ಎಷ್ಟಿದೆಯೆಂಬುದು ತಿಳಿಯುತ್ತದೆ. ಪೂರ್ಣ ತುಂಬಿದಾಗ ಅದು ಸುಮಾರು 1.25, ಬರಿದಾದಾಗ ಸುಮಾರು 1.12. ಶಾಲೆಯ ಪ್ರಯೋಗಶಾಲೆಯಲ್ಲಿ ಹೈಡ್ರೋಮೀಟರನ್ನು ಉಪ್ಪುನೀರಿನಲ್ಲಿ ತೇಲಿಸಿ ನೋಡಿದ ವಿದ್ಯಾರ್ಥಿಗೆ ಇಲ್ಲಿ ಅದರ ನಿಜವಾದ ಪ್ರಯೋಜನ ಕಾಣುತ್ತದೆ.

ಸೀಸದ ಬ್ಯಾಟರಿಗಳಲ್ಲಿಯೂ ಜಾತಿಗಳುಂಟು. ಕಾರಿನ ಬ್ಯಾಟರಿಯ ಕೆಲಸ ಎಂಜಿನನ್ನು ಚಾಲೂ ಮಾಡಲು ಕೆಲವೇ ಕ್ಷಣಗಳ ಕಾಲ ನೂರಾರು ಆಂಪಿಯರುಗಳ ಪ್ರವಾಹವನ್ನು ಕೊಡುವುದು. ಅದಕ್ಕಾಗಿ ಅದರ ಫಲಕಗಳು ತೆಳುವಾಗಿ, ಹಲವಾಗಿ ಇರುತ್ತವೆ. ಅದನ್ನು ಮನೆಯ ದೀಪಕ್ಕೆ ಕಟ್ಟಿ ರಾತ್ರಿ ರಾತ್ರಿಯೂ ಬರಿದುಮಾಡಿದರೆ ಅದು ಕೆಲವೇ ತಿಂಗಳುಗಳಲ್ಲಿ ಹಾಳಾಗುತ್ತದೆ. ಮನೆಗೆ ಒಪ್ಪುವುದು ಟ್ಯೂಬ್ಯುಲರ್ ಎಂಬ ಬಗೆ. ಇದರಲ್ಲಿ ಧನಫಲಕದ ಪದಾರ್ಥವನ್ನು ಬಟ್ಟೆಯಂತಹ ಕೊಳವೆಗಳಲ್ಲಿ ತುಂಬಿರುವುದರಿಂದ ಅದು ಉದುರಿ ತಳ ಸೇರುವುದಿಲ್ಲ. ಹಳೆಯ ಬಸ್ಸಿನ ಬ್ಯಾಟರಿ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರುವವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಹಸಿವೆಯೇ ರೋಗ

ಮಲೆನಾಡಿನ ಮನೆಗಳಲ್ಲಿ ಜೋನಿಬೆಲ್ಲವನ್ನು ಡಬ್ಬಿಯಲ್ಲಿ ತುಂಬಿಡುವುದುಂಟು. ಬಹುಕಾಲ ಅಲುಗಿಸದೆ ಇಟ್ಟರೆ ತಳದಲ್ಲಿ ಹರಳು ಕಟ್ಟುತ್ತದೆ. ಮೊದಲು ಸಣ್ಣದಾಗಿದ್ದ ಹರಳುಗಳು ದಿನ ಕಳೆದಂತೆ ದಪ್ಪನಾಗುತ್ತವೆ. ಚಿಕ್ಕವು ಕರಗಿ ದೊಡ್ಡವುಗಳ ಮೇಲೆ ಕೂಡುತ್ತವೆ. ಅರೆಬರಿದಾಗಿ ಬಿದ್ದಿರುವ ಸೀಸದ ಬ್ಯಾಟರಿಯ ಫಲಕಗಳ ಮೇಲೆ ನಡೆಯುವುದೂ ಇಂತಹದೇ. ಇಂದು ಮೂಡಿದ ಸಲ್ಫೇಟಿನ ಹರಳು ಅತಿ ಸೂಕ್ಷ್ಮ. ನಾಳೆ ಬಿಸಿಲು ಬಂದು ಬ್ಯಾಟರಿ ತುಂಬಿದರೆ ಸುಲಭವಾಗಿ ಕರಗುತ್ತದೆ. ವಾರಗಟ್ಟಲೆ ಹಾಗೆಯೇ ಉಳಿದರೆ ಅದು ಬೆಳೆದು ಗಡುಸಾಗುತ್ತದೆ. ಸೀಸದ ಸಲ್ಫೇಟು ವಿದ್ಯುತ್ತನ್ನು ಹಾಯಗೊಡುವುದಿಲ್ಲ. ದೊಡ್ಡ ಹರಳಿನ ಒಳಭಾಗಕ್ಕೆ ಆಮ್ಲವೂ ತಲುಪುವುದಿಲ್ಲ. ಅಷ್ಟು ಸೀಸ ಬ್ಯಾಟರಿಯ ಪಾಲಿಗೆ ಇದ್ದೂ ಇಲ್ಲದಂತಾಗುತ್ತದೆ. ಇದನ್ನೇ ಸಲ್ಫೇಟು ಕಟ್ಟುವುದು ಎನ್ನುತ್ತಾರೆ.

ಇದಕ್ಕೆ ಇನ್ನೊಂದು ತೊಡಕು ಕೂಡುತ್ತದೆ. ಸೀಸದ ಬ್ಯಾಟರಿ ಮೊದಲ ನಾಲ್ಕು ಪಾಲನ್ನು ಬೇಗ ಬೇಗ ಉಣ್ಣುತ್ತದೆ. ಕೊನೆಯ ಐದನೆಯ ಪಾಲನ್ನು ಉಣ್ಣಲು ಹಲವು ಗಂಟೆಗಳನ್ನು ತೆಗೆದುಕೊಳ್ಳುತ್ತದೆ. ಆ ಕೊನೆಯ ಗಂಟೆಗಳಲ್ಲಿ ಏಳುವ ಗಾಳಿಯ ಗುಳ್ಳೆಗಳೇ ಆಮ್ಲವನ್ನು ಕದಡಿ ಮೇಲು ಕೆಳಗು ಒಂದುಮಾಡುವುವು. ಅಷ್ಟು ಹೊತ್ತು ಊಡದಿದ್ದರೆ, ಕದಡದ ಪಾನಕದಲ್ಲಿ ಬೆಲ್ಲ ತಳದಲ್ಲಿ ನಿಲ್ಲುವಂತೆ ಗಟ್ಟಿ ಆಮ್ಲವು ತಳದಲ್ಲಿಯೇ ನಿಂತು, ಫಲಕಗಳ ಕೆಳಭಾಗ ಬೇಗ ಕೆಡುತ್ತದೆ.

ಆದುದರಿಂದ ನಮ್ಮ ಕಳಸದ ಮನೆಯ ಬ್ಯಾಟರಿ ಸತ್ತದ್ದು ಹೆಚ್ಚು ದುಡಿದುದರಿಂದಲ್ಲ, ಹಸಿವೆಯಿಂದ. ಮಳೆಗಾಲದ ಮೂರು ತಿಂಗಳು ಅದು ಒಂದು ದಿನವೂ ಹೊಟ್ಟೆ ತುಂಬ ಉಣ್ಣಲಿಲ್ಲ. ಇಂತಹ ಬ್ಯಾಟರಿಗೆ ಹೊಸ ಆಮ್ಲವನ್ನು ತುಂಬುವುದರಿಂದ ಯಾವ ಪ್ರಯೋಜನವೂ ಇಲ್ಲ. ಆಮ್ಲ ತೆಳುವಾದದ್ದು ಅದು ಎಲ್ಲಿಯೋ ಸೋರಿಹೋದುದರಿಂದಲ್ಲ. ಅದರ ಸಲ್ಫೇಟು ಫಲಕಗಳ ಮೇಲೆ ಗಡುಸಾಗಿ ಕುಳಿತಿದೆ. ಮೂರನೆಯವರ ಸಲಹೆ ಇಲ್ಲಿಗೆ ಮುಗಿಯಿತು.

ಮನೆಯ ಖರ್ಚಿನ ಲೆಕ್ಕ

ಇನ್ನು ‘ದೊಡ್ಡದನ್ನು ಹಾಕಿಸಿ’ ಎಂಬ ಮಾತನ್ನು ಪರೀಕ್ಷಿಸೋಣ. ಅದಕ್ಕೆ ಆ ಮನೆಯ ಒಂದು ದಿನದ ಖರ್ಚನ್ನು ಬರೆದುಕೊಳ್ಳಬೇಕು. ಉಪಕರಣದ ವಾಟ್ ಸಂಖ್ಯೆಯನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿದರೆ ವಾಟ್-ಗಂಟೆ ಬರುತ್ತದೆ. ಅಂತಹ ಸಾವಿರ ಸೇರಿದರೆ ನಾವು ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟು.

9 ವಾಟಿನ ಐದು ಎಲ್‌ಇಡಿ ದೀಪಗಳು, 5 ಗಂಟೆ: 225
ಮೊಬೈಲುಗಳು ಮತ್ತು ಅಂತರ್ಜಾಲದ ಪೆಟ್ಟಿಗೆ: 100
50 ವಾಟಿನ ಲ್ಯಾಪ್‌ಟಾಪು, 3 ಗಂಟೆ: 150
60 ವಾಟಿನ ದೂರದರ್ಶನ, 3 ಗಂಟೆ: 180
500 ವಾಟಿನ ಮಿಕ್ಸಿ, 10 ನಿಮಿಷ: ಸುಮಾರು 80
ಇನ್ವರ್ಟರು ಸುಮ್ಮನೆ ಚಾಲೂ ಇರಲು 12 ವಾಟು, 24 ಗಂಟೆ: 288

ಒಟ್ಟು 1,023 ವಾಟ್-ಗಂಟೆ. ಅಂದರೆ ದಿನಕ್ಕೆ ಹೆಚ್ಚುಕಡಮೆ ಒಂದು ಯೂನಿಟ್ಟು. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕೆ ಯಾವುದೆಂಬುದನ್ನು ವಾಚಕರು ಗಮನಿಸಿರಬಹುದು. ಅದು ದೀಪವಲ್ಲ, ದೂರದರ್ಶನವಲ್ಲ. ಏನೂ ಮಾಡದೆ ಕುಳಿತಿರುವ ಇನ್ವರ್ಟರು!

ಮನೆಯಲ್ಲಿರುವುದು 12 ವೋಲ್ಟು, 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳು. 12ನ್ನು 150ರಿಂದ ಗುಣಿಸಿದರೆ ಒಂದಕ್ಕೆ 1,800. ಎರಡಕ್ಕೆ 3,600 ವಾಟ್-ಗಂಟೆ. ಆದರೆ ಇದನ್ನೆಲ್ಲ ಬಳಸಬಹುದೆಂದು ತಿಳಿಯಬಾರದು. ಸೀಸದ ಬ್ಯಾಟರಿ ಬಹುಕಾಲ ಬಾಳಬೇಕಾದರೆ ದಿನವೂ ಅರ್ಧಕ್ಕಿಂತ ಹೆಚ್ಚನ್ನು ಹೊರತೆಗೆಯಬಾರದೆಂಬುದು ಒಳ್ಳೆಯ ನಿಯಮ. ಅಲ್ಲದೆ ಹೆಸರುಪಟ್ಟಿಯ ಮೇಲಿನ 150 ಎಂಬ ಅಂಕೆ ನಿಧಾನವಾಗಿ ತೆಗೆದಾಗ ಮಾತ್ರ ಸಲ್ಲುವುದು; 20 ಗಂಟೆಯ ಲೆಕ್ಕದ್ದಾದರೆ, 7.5 ಆಂಪಿಯರಿನಂತೆ 20 ಗಂಟೆ. ರಭಸದಿಂದ ತೆಗೆದರೆ ಒಟ್ಟು ಸಿಕ್ಕುವುದೇ ಕಡಮೆ. ಜರ್ಮನಿಯ ಪಾಯ್ಕರ್ಟ್ ಎಂಬಾತ ಇದನ್ನು 1897ರಲ್ಲಿಯೇ ಸೂತ್ರರೂಪದಲ್ಲಿ ಹೇಳಿದ್ದಾನೆ. ಹೀಗಾಗಿ ನಮಗೆ ನಿಜವಾಗಿ ದಕ್ಕುವುದು 1,800 ವಾಟ್-ಗಂಟೆ, ಅಂದರೆ ಎರಡು ದಿನಕ್ಕೆ ತುಸು ಕಡಮೆ.

ಬಿಸಿಲಿನ ಆದಾಯ

ಖರ್ಚಾಯಿತು, ಇನ್ನು ಆದಾಯ. ಮಾಡಿನ ಮೇಲೆ 500 ವಾಟಿನ ಫಲಕಗಳಿವೆಯೆನ್ನೋಣ. ಮಾರ್ಚಿಯ ನಿರ್ಮಲ ದಿನದಲ್ಲಿ ಬೀಳುವ ಒಟ್ಟು ಬಿಸಿಲು ಸುಮಾರು ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮ. ಅಲ್ಲಿಗೆ 2,500; ತಂತಿಯಲ್ಲಿ, ಬಿಸಿಯಲ್ಲಿ, ಧೂಳಿನಲ್ಲಿ ನಷ್ಟವಾಗುವ ಕಾಲುಭಾಗವನ್ನು ಕಳೆದರೆ 1,875 ವಾಟ್-ಗಂಟೆ. ಖರ್ಚು ಸುಮಾರು ಸಾವಿರವಷ್ಟೆ. ಬೇಸಗೆಯಲ್ಲಿ ಸೂರ್ಯ ಬೇಕಾದುದಕ್ಕಿಂತ ಹೆಚ್ಚನ್ನೇ ಕೊಡುತ್ತಾನೆ. ಆದರೆ ಇದು ಫಲಕದ ಮೇಲೆ ನೆರಳು ಬೀಳದಿದ್ದಾಗಿನ ಮಾತು. ಕಾಫಿಯ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳು ಫಲಕಕ್ಕೂ ನೆರಳು ಕೊಡುತ್ತವೆ. ಒಂದು ಕೊಂಬೆಯ ನೆರಳು ಫಲಕದ ಒಂದು ಮೂಲೆಯನ್ನು ಮುಚ್ಚಿದರೂ ಸಿಗುವ ವಿದ್ಯುತ್ತು ಬಹಳವಾಗಿ ಕುಗ್ಗಬಲ್ಲುದು.

ದಟ್ಟ ಮೋಡದ ದಿನಗಳಲ್ಲಿ ಫಲಕಗಳು ನಿರ್ಮಲ ದಿನದ ಹತ್ತರಲ್ಲೊಂದು ಪಾಲಿನಿಂದ ನಾಲ್ಕರಲ್ಲೊಂದು ಪಾಲಿನವರೆಗೆ ಕೊಡುತ್ತವೆ. ನಮ್ಮ ಮನೆಗೆ 190ರಿಂದ 470. ಸರಾಸರಿ 300 ಎಂದಿಟ್ಟುಕೊಳ್ಳೋಣ. ಖರ್ಚು 1,000, ಆದಾಯ 300. ದಿನಕ್ಕೆ 700ರ ಕೊರತೆ. ಅರ್ಧದವರೆಗೆ ಇಳಿಸಿದರೆ ಬ್ಯಾಟರಿ ಎರಡೂವರೆ ದಿನ ಬರುತ್ತದೆ; ತಳದವರೆಗೆ ಬಳಿದರೆ ಐದು ದಿನ. ಬ್ಯಾಟರಿಗಳನ್ನು ಇಮ್ಮಡಿ ಮಾಡಿದರೂ ಹತ್ತು ದಿನದ ಮೇಲೆ ಬರಲಾರದು. ಮಲೆನಾಡಿನ ಮಳೆ ಹತ್ತು ದಿನಕ್ಕೆ ಬಿಡುವ ಮಳೆಯಲ್ಲ. ಅಷ್ಟು ಮಾತ್ರವಲ್ಲ, ಇಮ್ಮಡಿಯಾದ ಬ್ಯಾಟರಿಗಳೆಲ್ಲವೂ ಈಗ ಒಟ್ಟಿಗೆ ಹಸಿದು ಕೂರುತ್ತವೆ.

ಇಲ್ಲಿ ಒಂದು ಸರಳ ಸತ್ಯವನ್ನು ಗ್ರಹಿಸಬೇಕು. ಬ್ಯಾಟರಿ ಗದ್ದೆಯಲ್ಲ, ಕಣಜ. ಬೆಳೆ ಬಾರದ ವರ್ಷ ಕಣಜವನ್ನು ದೊಡ್ಡದು ಮಾಡಿ ಫಲವೇನು? ಕೊರತೆ ಇರುವುದು ಆದಾಯದಲ್ಲಿ. ಅದನ್ನು ನೀಗಲು ಎರಡೇ ದಾರಿಗಳು: ಇನ್ನೊಂದು ಮೂಲವನ್ನು ಹುಡುಕುವುದು, ಅಥವಾ ಮಳೆಗಾಲದ ಖರ್ಚನ್ನು ಇಳಿಸುವುದು.

ಹಳ್ಳದ ನೆರವು

ಸೂರ್ಯನನ್ನು ಮರೆಸುವ ಮಳೆಯೇ ಮಲೆನಾಡಿನಲ್ಲಿ ಬೇರೊಂದು ಮೂಲವನ್ನು ತುಂಬಿಸುತ್ತದೆ. ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ತೆಗೆದು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ ನಾಡು ನಮ್ಮದು. ಅದೇ ತತ್ತ್ವದ ಅತಿ ಚಿಕ್ಕ ರೂಪಗಳು ಇಂದು ಪಶ್ಚಿಮಘಟ್ಟದ ಹಲವು ಒಂಟಿ ಮನೆಗಳಲ್ಲಿ ಕೆಲಸ ಮಾಡುತ್ತಿವೆ. ಗುಡ್ಡದ ಮೇಲಿನ ಹಳ್ಳಕ್ಕೆ ಸಣ್ಣ ಕಟ್ಟೆ ಕಟ್ಟಿ, ನೀರನ್ನು ಕೊಳವೆಯಲ್ಲಿ ಕೆಳಕ್ಕೆ ತಂದು, ಒಂದು ಕಿಲೋವಾಟಿನ ಆಸುಪಾಸಿನ ಪುಟ್ಟ ಟರ್ಬೈನನ್ನು ತಿರುಗಿಸುವ ಏರ್ಪಾಡು ಅದು.

ಇದರ ಶಕ್ತಿಯನ್ನು ಎಣಿಸುವುದು ಪ್ರೌಢಶಾಲೆಯ ಗಣಿತ. ಸೆಕೆಂಡಿಗೆ ಬೀಳುವ ನೀರಿನ ಲೀಟರುಗಳನ್ನು ಎತ್ತರದ ಮೀಟರುಗಳಿಂದಲೂ 9.8ರಿಂದಲೂ ಗುಣಿಸಿದರೆ ವಾಟುಗಳು ಬರುತ್ತವೆ. ಸೆಕೆಂಡಿಗೆ 5 ಲೀಟರು, 20 ಮೀಟರ್ ಎತ್ತರ: 980 ವಾಟು. ಸಣ್ಣ ಯಂತ್ರಗಳಲ್ಲಿ ಅರ್ಧ ನಷ್ಟವಾಯಿತೆಂದರೂ 490 ಉಳಿಯಿತು. ಸೌರಫಲಕದಂತೆ ಇದು ಹಗಲಿಗೆ ಮಾತ್ರ ಸೀಮಿತವಲ್ಲ. ದಿನದ 24 ಗಂಟೆಗೆ 11,760 ವಾಟ್-ಗಂಟೆ! ನಮ್ಮ ಮನೆಯ ಖರ್ಚಿನ ಹನ್ನೊಂದು ಪಟ್ಟು. ಮಾಘ ಕಳೆದು, ಹೂಮಳೆಗಾಗಿ ತೋಟಗಳು ಕಾಯುವ ಹೊತ್ತಿಗೆ ಹಳ್ಳ ಬತ್ತಬಹುದು. ಆದರೆ ಆಗ ಬಿಸಿಲಿಗೆ ಬರವಿಲ್ಲ. ಒಂದು ಸೋತಲ್ಲಿ ಇನ್ನೊಂದು ಗೆಲ್ಲುತ್ತದೆ.

ಈ ಮನೆಯಲ್ಲಿ ಬ್ಯಾಟರಿ ದಿನವೂ ಹೊಟ್ಟೆ ತುಂಬ ಉಣ್ಣುತ್ತದೆ. ಸೀಸದ್ದೇ ಆದರೂ, ನೀರಿನ ಮಟ್ಟವನ್ನು ನೋಡಿಕೊಂಡರೆ ಹಲವು ವರ್ಷ ಬಾಳುತ್ತದೆ. ಒಂದೇ ಬ್ಯಾಟರಿ ಹಳ್ಳದ ಈಚೆಯ ಮನೆಯಲ್ಲಿ ಎರಡು ವರ್ಷಕ್ಕೆ ಸತ್ತು, ಆಚೆಯ ಮನೆಯಲ್ಲಿ ಆರು ವರ್ಷ ಬಾಳಿದರೆ ತಯಾರಿಸಿದವರನ್ನು ದೂರುವ ಮೊದಲು ಊಟದ ಕ್ರಮವನ್ನು ವಿಚಾರಿಸಬೇಕು.

ಲಿಥಿಯಂ ಏನು ಮಾಡಬಲ್ಲುದು?

ಹಳ್ಳವಿಲ್ಲದ ಮನೆಯವರು ಏನು ಮಾಡಬೇಕು? ಇಲ್ಲಿ ಎರಡನೆಯವರ ಸಲಹೆಗೆ ಬೆಲೆ ಬರುತ್ತದೆ. ಮನೆಬಳಕೆಗೆ ಒಪ್ಪುವ ಲಿಥಿಯಂ ಬ್ಯಾಟರಿಗಳಲ್ಲಿ ಧನಫಲಕವು ಲಿಥಿಯಂ, ಕಬ್ಬಿಣ, ರಂಜಕ, ಆಮ್ಲಜನಕಗಳ ಸಂಯುಕ್ತ. ಟ್ರಿಫಿಲೈಟ್ ಎಂಬ ಖನಿಜದ ರಚನೆಯೇ ಇದಕ್ಕೂ ಇದೆ. ಇದು ಬ್ಯಾಟರಿಗೆ ಒದಗಬಲ್ಲುದೆಂದು 1997ರಲ್ಲಿ ಪ್ರಕಟಿಸಿದವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದ್ದ ಅಕ್ಷಯ ಪಾಧಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಅವರ ವಯಸ್ಸು 97. ಈ ಸಂಯುಕ್ತಕ್ಕೆ ಒಂದು ಕೊರತೆಯಿತ್ತು. ಅದು ವಿದ್ಯುತ್ತನ್ನು ಸರಿಯಾಗಿ ಹಾಯಗೊಡುತ್ತಿರಲಿಲ್ಲ. ಕಣಗಳನ್ನು ಬಹು ಸಣ್ಣದಾಗಿ ಮಾಡಿ, ಅವುಗಳಿಗೆ ಇಂಗಾಲದ ತೆಳು ಲೇಪವನ್ನು ಕೊಟ್ಟು ಆಮೇಲೆ ಆ ಕೊರತೆಯನ್ನು ನೀಗಿದರು.

ಸೀಸದ ಕೋಶದಲ್ಲಿ ಫಲಕದ ಪದಾರ್ಥವೇ ಕರಗಿ, ಮತ್ತೆ ಹರಳಾಗಿ ಕೂರಬೇಕು. ಲಿಥಿಯಂ ಕೋಶದಲ್ಲಿ ಹಾಗಲ್ಲ. ಜೇನುಹುಟ್ಟಿನ ಗೂಡುಗಳಿಗೆ ನೊಣಗಳು ಹೋಗಿ ಬಂದರೂ ಹುಟ್ಟು ಹಾಗೆಯೇ ಇರುವಂತೆ, ಲಿಥಿಯಂ ಅಯಾನುಗಳು ಧನಫಲಕದ ಹರಳಿನ ಸಂದುಗಳಿಂದ ಹೊರಟು ಋಣಫಲಕದ ಗ್ರಾಫೈಟಿನ ಪದರಗಳ ನಡುವೆ ಸೇರುತ್ತವೆ, ಮತ್ತೆ ಹಿಂದಿರುಗುತ್ತವೆ. ಮನೆ ಕೆಡುವುದಿಲ್ಲ, ನಿವಾಸಿಗಳು ಮಾತ್ರ ಬದಲಾಗುತ್ತಾರೆ. ಆದುದರಿಂದ ಸಲ್ಫೇಟು ಕಟ್ಟುವ ರೋಗ ಇದಕ್ಕಿಲ್ಲ. ಅರ್ಧ ತುಂಬಿ ವಾರಗಟ್ಟಲೆ ಇದ್ದರೂ ಇದಕ್ಕೆ ಹಾನಿಯಾಗದು. ಯಾವಾಗಲೂ ತುಂಬಿಯೇ ಇರುವುದಕ್ಕಿಂತ ಅದೇ ಇದರ ಆರೋಗ್ಯಕ್ಕೆ ಒಳ್ಳೆಯದು. ಒಂದಕ್ಕೆ ಅರೆಹೊಟ್ಟೆ ರೋಗ. ಇನ್ನೊಂದಕ್ಕೆ ಅರೆಹೊಟ್ಟೆಯೇ ಪಥ್ಯ. ಮಳೆಗಾಲದ ಮಲೆನಾಡಿಗೆ ಈ ಒಂದು ಗುಣವೇ ದೊಡ್ಡದು.

ಉಳಿದ ಗುಣಗಳೂ ಇವೆ. ಇದರ ಹತ್ತರಲ್ಲಿ ಎಂಟು ಪಾಲನ್ನು ಧಾರಾಳವಾಗಿ ಬಳಸಬಹುದು. 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 50ರಿಂದ 60 ಕಿಲೋ ತೂಗಿದರೆ, 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಹನ್ನೆರಡು ಹದಿಮೂರು ಕಿಲೋ. ಇದರಲ್ಲಿ ಬಳಕೆಗೆ ಸಿಗುವುದು ಸುಮಾರು 1,000 ವಾಟ್-ಗಂಟೆ. ಅದರಲ್ಲಿ ಸುಮಾರು 900. ಕಾಲುಸಂಕ ದಾಟಿ ಹೊರಬೇಕಾದವರಿಗೆ ಈ ವ್ಯತ್ಯಾಸ ಹೇಳಿ ತಿಳಿಸಬೇಕಾಗಿಲ್ಲ. ಊಡಿದ ನೂರು ಪಾಲಿನಲ್ಲಿ ಸೀಸದ್ದು ಎಂಬತ್ತರಷ್ಟನ್ನು ಹಿಂದಿರುಗಿಸಿದರೆ ಲಿಥಿಯಂ ತೊಂಬತ್ತೈದರಷ್ಟನ್ನು ಹಿಂದಿರುಗಿಸುತ್ತದೆ. ಮೋಡದ ದಿನ ಸಿಕ್ಕ 300ರಲ್ಲಿ ಇದೂ ಒಂದು ಉಳಿತಾಯವೇ.

ದೋಷಗಳೇನು? ಹಿಮಗಟ್ಟುವ ಚಳಿಯಲ್ಲಿ ಇದನ್ನು ಊಡಿದರೆ ಲಿಥಿಯಂ ಲೋಹವಾಗಿ ಋಣಫಲಕದ ಮೇಲೆ ಕೂತು ಕೋಶ ಕೆಡುತ್ತದೆ. ಇದು ಲಡಾಖಿನವರ ಚಿಂತೆ. ಕಾಫಿ ಬೆಳೆಯುವ ನಾಡಿನ ಮನೆಯೊಳಗೆ ಅಷ್ಟು ಚಳಿಯಿಲ್ಲ. ನಮ್ಮ ತಂಪು ಹವೆ ಸೀಸಕ್ಕೂ ಹಿತವೇ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಅನುಭವದ ಲೆಕ್ಕ. ರಾಯಚೂರಿನಲ್ಲಿ ಬೇಗ ಸೊರಗುವ ಬ್ಯಾಟರಿ ಮೂಡಿಗೆರೆಯಲ್ಲಿ ಹೆಚ್ಚು ಬಾಳಬೇಕು, ಊಟ ಸರಿಯಾಗಿದ್ದರೆ.

ಯಾರಿಗೆ ಯಾವುದು?

ಲಿಥಿಯಂ ಬೆಲೆ ಹೆಚ್ಚು. ಹೆಚ್ಚಾದರೂ ಅಗ್ಗವೇ ಎಂಬುದನ್ನು ತಿಳಿಯಲು ಬೆಲೆಯನ್ನು, ಬ್ಯಾಟರಿ ತನ್ನ ಆಯುಸ್ಸಿನಲ್ಲಿ ಒಟ್ಟು ಕೊಡುವ ಯೂನಿಟ್ಟುಗಳಿಂದ ಭಾಗಿಸಬೇಕು. ಅರ್ಧದವರೆಗೆ ಮಾತ್ರ ಬಳಸಿ, ಸರಿಯಾಗಿ ಊಡಿದ ಸೀಸದ ಬ್ಯಾಟರಿ 1,200 ಸಲ ಬರಿದಾಗಿ ತುಂಬುವುದೆಂದೂ, ಲಿಥಿಯಂ 3,000 ಸಲವೆಂದೂ ಎಣಿಸೋಣ. ದಿನಕ್ಕೊಂದು ಸಲದಂತೆ ಸೀಸಕ್ಕೆ ಮೂರು ವರ್ಷದ ಮೇಲೆ ಸ್ವಲ್ಪ. ಲಿಥಿಯಂಗೆ ಎಂಟು ವರ್ಷ. ಬಳಕೆಗೆ ಅಷ್ಟೇ ವಿದ್ಯುತ್ತು ಕೊಡುವ ಲಿಥಿಯಂ ಬ್ಯಾಟರಿಯ ಬೆಲೆ ಸೀಸದ್ದರ ಎರಡೂವರೆ ಪಟ್ಟಿನೊಳಗಿದ್ದರೆ, ತಂತಿ ಬಾರದ ಮನೆಗೆ ಲಿಥಿಯಮೇ ಲಾಭ. ಮಳೆಗಾಲದ ಹಸಿವೆಯನ್ನು ಲೆಕ್ಕಕ್ಕೆ ಹಿಡಿದರೆ ಲಾಭ ಇನ್ನೂ ಹೆಚ್ಚು.

ಆದರೆ ಮೂಡಿಗೆರೆಯ ಪೇಟೆಯ ಮನೆಯೊಂದರ ಮಾತು ಬೇರೆ. ಅಲ್ಲಿ ತಂತಿಯ ವಿದ್ಯುತ್ತು ಇದೆ. ಗಾಳಿಮಳೆಗೆ ಮರ ಬಿದ್ದಾಗ ಮಾತ್ರ ಬ್ಯಾಟರಿಯ ಕೆಲಸ. ವರ್ಷಕ್ಕೆ 60 ಸಲ ಬರಿದಾದರೆ 3,000 ಸಲ ಮುಗಿಯಲು 50 ವರ್ಷ ಬೇಕು! ಅಷ್ಟರೊಳಗೆ ಮುಪ್ಪೇ ಅದನ್ನು ಕೊಲ್ಲುತ್ತದೆ. ಉಳಿದ ದಿನಗಳಲ್ಲೆಲ್ಲ ತುಂಬಿಯೇ ಇರುವುದು ಸೀಸದ ಬ್ಯಾಟರಿಗೆ ಒಗ್ಗುವ ಬಾಳು. ಆ ಮನೆಗೆ ಒಳ್ಳೆಯ ಟ್ಯೂಬ್ಯುಲರ್ ಸಾಕು. ಹಳ್ಳದ ಟರ್ಬೈನುಳ್ಳ ಮನೆಗೂ ಅಷ್ಟೆ.

ಬಿಸಿಲೊಂದನ್ನೇ ನಂಬಿದ ಮನೆ ಲಿಥಿಯಂ ತಂದರೂ ಕೊರತೆ ತಾನಾಗಿ ತುಂಬದು. ಹಸಿದರೂ ಸಾಯದ ಕಣಜ ಸಿಕ್ಕಿತು, ಅಷ್ಟೆ. ಅದಕ್ಕೆ ಮಳೆಗಾಲದ ಪಟ್ಟಿಯೊಂದು ಬೇಕು. ಇನ್ವರ್ಟರನ್ನು ಆರಿಸಿ, 12 ವೋಲ್ಟಿನ ಎಲ್‌ಇಡಿ ದೀಪಗಳನ್ನು ತಕ್ಕ ಫ್ಯೂಸಿನೊಡನೆ ಬ್ಯಾಟರಿಯಿಂದ ನೇರವಾಗಿ ಉರಿಸಿದರೆ, ಮೂರು ದೀಪಕ್ಕೆ ನಾಲ್ಕು ಗಂಟೆಗೆ 108. ಮೊಬೈಲು ಇತ್ಯಾದಿಗೆ 60. ಒಟ್ಟು 168 ವಾಟ್-ಗಂಟೆ. ಅತಿ ಕೆಟ್ಟ ದಿನದ ಆದಾಯ 190. ದೂರದರ್ಶನ ಕಾಯಬಹುದು, ಓದುವ ದೀಪವೂ ಜೀಪು ಕರೆಸುವ ಮೊಬೈಲೂ ಕಾಯಬಾರದು.

ಚಕ್ರಗಳ ಮೇಲಿನ ಮನೆ, ಎಂದರೆ ಅಡಿಗೆ-ಮಲಗುವ ಏರ್ಪಾಡುಳ್ಳ ವಾಹನಗಳೂ ಈಗ ಈ ಗುಡ್ಡಗಳಿಗೆ ಬರುತ್ತಿವೆ. ಅವಕ್ಕೂ ಇದೇ ಲೆಕ್ಕ. ಚಾರ್ಮಾಡಿಯ ತಿರುವುಗಳನ್ನು ಹತ್ತುವಾಗ ತೂಕ ಕಡಮೆಯಿದ್ದಷ್ಟೂ ಒಳ್ಳೆಯದು. ಎರಡು ಗಂಟೆಯ ಪ್ರಯಾಣದಲ್ಲಿ ಬೇಗ ಉಣ್ಣುವುದೂ ಲಿಥಿಯಮೇ. ಆದರೆ ಅದರ ಅತಿಹಸಿವಿಗೆ ಎಂಜಿನಿನ ಆಲ್ಟರ್ನೇಟರು ಸುಡದಂತೆ ನಡುವೆ ಪ್ರವಾಹವನ್ನು ಮಿತಿಗೊಳಿಸುವ ಚಾರ್ಜರು ಇರಬೇಕು.

ಬದಲಿಸುವವರಿಗೆ ಕೆಲವು ಮಾತು

ಸೀಸವನ್ನು ತೆಗೆದು ಲಿಥಿಯಂ ಕೂರಿಸುವವರು ಹಳೆಯ ಚಾರ್ಜರನ್ನು ಪರೀಕ್ಷಿಸಬೇಕು. ಸೀಸಕ್ಕೆ ಆಗಾಗ 15 ವೋಲ್ಟಿನ ಮೇಲೆ ಏರಿಸಿ ಆಮ್ಲವನ್ನು ಕದಡುವ ಕ್ರಮವುಂಟು. ನಾಲ್ಕು ಕೋಶದ ಲಿಥಿಯಂ ಬ್ಯಾಟರಿಗೆ ಸುಮಾರು 14.4 ವೋಲ್ಟು ಮೇಲಿನ ಎಲ್ಲೆ. ಅದರ ಕೋಶಗಳನ್ನು ಕಾಯುವ ನಿಯಂತ್ರಕ ಒಳಗೆ ಇರಲೇಬೇಕು. ಅದು ಕೋಶಗಳನ್ನು ಸರಿದೂಗಿಸಲು ಆಗಾಗ ಒಮ್ಮೆ ಪೂರ್ಣ ತುಂಬಿಸುವುದೂ ಅಗತ್ಯ. ಅದರ ವೋಲ್ಟು ಬಹುಮಟ್ಟಿಗೆ ಒಂದೇ ಸಮ ನಿಲ್ಲುವುದರಿಂದ ವೋಲ್ಟ್‌ಮೀಟರಿನಿಂದ ಉಳಿಕೆ ತಿಳಿಯದು. ಒಳಬಂದುದನ್ನೂ ಹೊರಹೋದುದನ್ನೂ ಎಣಿಸುವ ಮೀಟರು ಬೇಕು. ಹಳೆಯದು ಹೊಸದನ್ನು, ಸೀಸ ಲಿಥಿಯಂಗಳನ್ನು ಒಂದೇ ಸಾಲಿನಲ್ಲಿ ಕಟ್ಟಬಾರದು.

ಸೀಸವನ್ನೇ ಇಟ್ಟುಕೊಳ್ಳುವವರು ಭಟ್ಟಿಯಿಳಿಸಿದ ನೀರನ್ನು ಮಾತ್ರ ಹಾಕಬೇಕು. ಹಂಚಿನಿಂದ ಇಳಿದ ಮಳೆಯ ನೀರು ತಿಳಿಯಾಗಿ ಕಂಡರೂ ಧೂಳನ್ನೂ ಲವಣಗಳನ್ನೂ ಹೊತ್ತಿರುತ್ತದೆ. ತುಂಬುವಾಗ ಜಲಜನಕ ಹೊರಡುವುದರಿಂದ ಗಾಳಿಯಾಡುವ ಜಾಗ ಬೇಕು. ಹತ್ತಿರ ಬೆಂಕಿ ಕೂಡದು. ಮಲೆನಾಡಿನ ತೇವಕ್ಕೆ ತುಕ್ಕು ಹಿಡಿಯದಂತೆ ತುದಿಗಳಿಗೆ ವ್ಯಾಸಲೀನು ಸವರಬೇಕು. ಯಾವ ಬ್ಯಾಟರಿಯೇ ಆಗಲಿ, ಅದಕ್ಕೆ ಕೈಹಾಕುವ ಮೊದಲು ಉಂಗುರ, ಬಳೆ ತೆಗೆದಿಡಬೇಕು. 12 ವೋಲ್ಟು ಮೈಗೆ ಹೊಡೆಯದಿದ್ದರೂ ಅಡ್ಡಬಿದ್ದ ಲೋಹವನ್ನು ಕ್ಷಣದಲ್ಲಿ ಕೆಂಪಗೆ ಕಾಸಬಲ್ಲುದು.

ಸತ್ತ ಬ್ಯಾಟರಿಯನ್ನು ತೋಟದ ಮೂಲೆಗೆ ಎಸೆಯಬಾರದು. ಸೀಸವು ಮಕ್ಕಳ ಮೆದುಳಿಗೆ ವಿಷ. ತುಂಗೆ, ಭದ್ರೆ, ಹೇಮಾವತಿಗಳು ಹುಟ್ಟುವುದು ಈ ಜಿಲ್ಲೆಯಲ್ಲಿಯೇ; ಇಲ್ಲಿಯ ಹಳ್ಳಕ್ಕೆ ಬಿದ್ದದ್ದು ಇಲ್ಲಿಯೇ ನಿಲ್ಲುವುದಿಲ್ಲ. ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹಳೆಯ ಸೀಸಕ್ಕೆ ಅಂಗಡಿಯಲ್ಲಿ ಬೆಲೆಯೂ ಇದೆ. ಕರಗಿಸಿದರೆ ಅದರ ಬಹುಪಾಲು ಮತ್ತೆ ಬ್ಯಾಟರಿಯಾಗುತ್ತದೆ.

ನಮ್ಮ ವಾಚಕರಲ್ಲಿ ಹಲವರ ಮನೆಯಲ್ಲಿ ಇನ್ವರ್ಟರು ಇದೆ. ಈ ರಜೆಯಲ್ಲಿ ಒಂದು ವಾರ, ಮೇಲೆ ಕೊಟ್ಟಂತೆ ಒಂದು ಪಟ್ಟಿಯನ್ನು ಬರೆಯಿರಿ: ಎಷ್ಟು ಬಂತು, ಎಷ್ಟು ಹೋಯಿತು, ಬ್ಯಾಟರಿ ಪೂರ್ಣ ತುಂಬಿದ್ದು ಎಷ್ಟು ದಿನ. ಮುಂದಿನ ಸಲ ಮನೆಯ ಹಿರಿಯರು ಹೊಸ ಬ್ಯಾಟರಿಗೆಂದು ಪೇಟೆಗೆ ಹೊರಟಾಗ ಆ ಕಾಗದವನ್ನು ಅವರ ಕೈಗೆ ಕೊಡಿ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳೆಲ್ಲ ಅದರಲ್ಲಿರುತ್ತವೆ.